ಕಲ್ಲಿನ ಸೇತುವೆ ಹೋಯಿತು, ಬಿದಿರಿನ ತೆಪ್ಪ ಉಳಿಯಿತು

ಹಂಪಿಗೆ ಬಂದ ಪ್ರವಾಸಿಗರು ತೆಪ್ಪ ಹತ್ತುತ್ತಾರೆ, ನೀರಿನ ನಡುವೆ ಗಿರಗಿರ ಸುತ್ತಿಸಿಕೊಳ್ಳುತ್ತಾರೆ, ಕಿರುಚುತ್ತಾರೆ, ರೀಲ್ಸ್ ಮಾಡಿಕೊಂಡು ಹೋಗುತ್ತಾರೆ. ಅವರಿಗೆ ಅದು ಸ್ವಲ್ಪ ಹೊತ್ತಿನ ಆಟ. ಆದರೆ ತಳವಾರಘಟ್ಟ, ಆನೆಗೊಂದಿ, ವಿರುಪಾಪುರಗಡ್ಡೆ, ಕಡೆಬಾಗಿಲು, ಬುಕ್ಕಸಾಗರ, ಕಂಪ್ಲಿ ಈ ಕಡೆಯ ಜನಕ್ಕೆ ತೆಪ್ಪ ಆಟದ ಸಾಮಾನಾಗಿರಲಿಲ್ಲ. ಸಂತೆಗೆ, ಹೊಲಕ್ಕೆ, ಬೀಗರ ಮನೆಗೆ, ಹೆರಿಗೆಗೆ, ಕೋರ್ಟಿಗೆ ಹೋಗಬೇಕೆಂದರೆ ಅದೇ ದಾರಿ. ಇವತ್ತಿನ ಬಸ್ಸು ಹೇಗೋ ಹಾಗೆ.

ಹಂಪಿಯ ಇತಿಹಾಸ ಎಂದರೆ ನಮಗೆ ಪುಸ್ತಕದಲ್ಲಿ ಸಿಗುವುದು ಅರಸರು, ಗೋಪುರ, ಕಲ್ಲಿನ ರಥ. ಹೊಳೆ ದಾಟಿಸಿದವರ ಇತಿಹಾಸ ಯಾರೂ ಬೇರೆಯಾಗಿ ಬರೆದಿಟ್ಟಿಲ್ಲ. ಆದರೂ ಅಲ್ಲಲ್ಲಿ ಒಂದೊಂದು ಸಾಲು ಸಿಗುತ್ತದೆ. ಅದನ್ನೆಲ್ಲ ಜೋಡಿಸಿದರೆ ಒಂದು ವಿಷಯ ಕಾಣುತ್ತದೆ. ನಮ್ಮ ಹೊಳೆಯ ಮೇಲೆ ದೊಡ್ಡದೆಂದು ಕಟ್ಟಿದ ಸೇತುವೆಗಳು ಮತ್ತೆ ಮತ್ತೆ ಕೈಕೊಟ್ಟಿವೆ. ಪ್ರತಿ ಸಲವೂ ಜನ ಹೋಗಿ ನಿಂತಿದ್ದು ಈ ಬುಟ್ಟಿಯ ಮುಂದೆಯೇ.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ಪುಸ್ತಕದ ಕನ್ನಡದಲ್ಲಿ ತೆಪ್ಪ ಎಂದರೆ ಮರದ ದಿಮ್ಮಿಯೋ ಬಿದಿರೋ ಸೇರಿಸಿ ಕಟ್ಟಿದ ಚಪ್ಪಟೆ ತೇಲು. ದೇವರ ತೆಪ್ಪೋತ್ಸವದಲ್ಲಿ ಇರುವುದು ಅದು. ದುಂಡಗಿನ ಬುಟ್ಟಿದೋಣಿಗೆ ಸರಿಯಾದ ಹೆಸರು ಹರಿಗೋಲು. ನಮ್ಮಲ್ಲಿ ಮಾತ್ರ ಎರಡಕ್ಕೂ ತೆಪ್ಪ ಎನ್ನುವುದೇ ರೂಢಿ. ತೆಲುಗು ಮಾತಾಡುವ ಕಡೆ ಪುಟ್ಟಿ ಅನ್ನುತ್ತಾರೆ, ಹೊಗೇನಕಲ್ ಕಡೆಯ ತಮಿಳಿನಲ್ಲಿ ಪರಿಸಲ್. ಹೆಸರು ಯಾವುದಾದರೂ ವಸ್ತು ಒಂದೇ. ಈ ಬರಹದಲ್ಲಿ ನಾನು ನಮ್ಮ ರೂಢಿಯಂತೆ ತೆಪ್ಪ ಎಂದೇ ಬರೆಯುತ್ತೇನೆ.

ಪುರಂದರದಾಸರ ಅಂಬಿಗನ ಕೀರ್ತನೆ ನೀವು ಕೇಳಿಯೇ ಇರುತ್ತೀರಿ, ಭಜನೆಯಲ್ಲಿ ಹಾಡದ ಊರಿಲ್ಲ. ಅದರಲ್ಲಿ ದಾಸರು ಮನುಷ್ಯನ ದೇಹವನ್ನು ತೂತು ಬಿದ್ದ ದೋಣಿಗೆ ಹೋಲಿಸುತ್ತಾರೆ. ಅಲ್ಲಿ ಅವರು ಬಳಸಿರುವ ಮಾತು ಹರಿಗೋಲು. ಹಂಪಿಯಲ್ಲಿ ಪುರಂದರ ಮಂಟಪ ಇರುವುದೂ ಹೊಳೆಯ ದಂಡೆಯಲ್ಲೇ. ಕೇಳುವವರ ಕಣ್ಣಿಗೆ ದಿನಾ ಬೀಳುತ್ತಿದ್ದ ವಸ್ತುವನ್ನೇ ದಾಸರು ಹಾಡಿಗೆ ತಂದರು ಎಂದುಕೊಳ್ಳಲು ಅಡ್ಡಿಯಿಲ್ಲ.

ಇನ್ನು ಕಣ್ಣಾರೆ ಕಂಡು ಬರೆದವರ ಸಾಕ್ಷಿ. 1520ರ ಸುಮಾರಿಗೆ, ಕೃಷ್ಣದೇವರಾಯ ಆಳುತ್ತಿದ್ದಾಗ, ಡೊಮಿಂಗೊ ಪೇಸ್ ಎಂಬ ಪೋರ್ಚುಗೀಸ್ ಇಲ್ಲಿಗೆ ಬಂದಿದ್ದ. ಅವನು ಬರೆದಿಟ್ಟದ್ದು ನೂರಾರು ವರ್ಷ ಯಾರ ಕಣ್ಣಿಗೂ ಬೀಳದೆ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿತ್ತು. ಅದು ಅಚ್ಚಾದದ್ದು 1897ರಲ್ಲಿ. ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದ ರಾಬರ್ಟ್ ಸೀವೆಲ್ ಅದನ್ನು ಇಂಗ್ಲಿಷಿಗೆ ತಂದು, 1900ರಲ್ಲಿ ತನ್ನ ವಿಜಯನಗರ ಇತಿಹಾಸದ ಪುಸ್ತಕದಲ್ಲಿ ಸೇರಿಸಿದ.

ಪೇಸ್ ಆನೆಗೊಂದಿಯ ಮಾತು ಬಂದಾಗ ತೆಪ್ಪದ ಬಗ್ಗೆ ಬರೆಯುತ್ತಾನೆ. ಆ ಊರಿಗೆ ದಾಟುವುದು ಬುಟ್ಟಿಯಂತೆ ದುಂಡಗಿರುವ ದೋಣಿಯಲ್ಲಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನ ಕೂರಬಹುದು, ಬೇಕಾದರೆ ಕುದುರೆ ಎತ್ತುಗಳನ್ನೂ ಹಾಕಿಕೊಳ್ಳಬಹುದು ಎನ್ನುತ್ತಾನೆ. ಆದರೆ ದನಗಳು ಹೆಚ್ಚಾಗಿ ಈಜಿಯೇ ದಾಟುತ್ತಿದ್ದವಂತೆ. ದೋಣಿ ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ ಎಂಬುದನ್ನೂ ಗಮನಿಸಿದ್ದಾನೆ. ಸಮುದ್ರ ದಾಟಿ ದೊಡ್ಡ ಹಡಗಿನಲ್ಲಿ ಬಂದ ಮನುಷ್ಯ. ಅವನಿಗೆ ಇದು ವಿಚಿತ್ರವಾಗಿ ಕಂಡಿರಬೇಕು. ಈ ರಾಜ್ಯದ ಹೊಳೆಗಳಲ್ಲಿ ಇದನ್ನು ಬಿಟ್ಟು ಬೇರೆ ದೋಣಿಯೇ ಇಲ್ಲ ಎಂದೂ ಸೇರಿಸುತ್ತಾನೆ.

ಈಗ ಒಂದು ಪ್ರಶ್ನೆ. ವಿಠ್ಠಲ ದೇವಸ್ಥಾನದಿಂದ ಹೊಳೆಯ ಕಡೆಗೆ ನಡೆದರೆ, ಪುರಂದರ ಮಂಟಪದ ಆಸುಪಾಸಿನಲ್ಲಿ, ನೀರಿನಲ್ಲಿ ಸಾಲಾಗಿ ನಿಂತ ಕಲ್ಲುಕಂಬಗಳು ಕಾಣುತ್ತವೆ. ಅದು ವಿಜಯನಗರ ಕಾಲದ ಸೇತುವೆ. ಕಂಬಗಳು ಉಳಿದಿವೆ, ಮೇಲಿನ ಹಾಸು ಇಲ್ಲ. ಪೇಸ್ ಬಂದಾಗ ಆ ಸೇತುವೆ ಬಳಕೆಯಲ್ಲಿದ್ದಿದ್ದರೆ ಆನೆಗೊಂದಿಗೆ ದಾಟುವುದು ಬುಟ್ಟಿಯಲ್ಲಿ ಎಂದು ಅವನು ಯಾಕೆ ಬರೆಯುತ್ತಿದ್ದ? ರಾಯರ ಉಚ್ಛ್ರಾಯ ಕಾಲದಲ್ಲೇ ಸೇತುವೆ ಕೆಟ್ಟು ಕೂತಿತ್ತೋ ಏನೋ ಎನ್ನುವುದು ನನ್ನ ಊಹೆ. ಅದು ಹೇಗಾದರೂ ಇರಲಿ, ಅಷ್ಟು ದೊಡ್ಡ ರಾಜಧಾನಿಯ ಬಾಗಿಲಲ್ಲೇ ಜನ ತೆಪ್ಪದಲ್ಲಿ ದಾಟುತ್ತಿದ್ದರು ಎನ್ನುವುದು ಖಚಿತ. ತಳವಾರಘಟ್ಟದಲ್ಲಿ ಕೋಟೆಬಾಗಿಲು ಇರುವುದೂ ಆ ದಾರಿಗಾಗಿಯೇ. ಆ ದಡದ ಊರಿನ ಹೆಸರು ಕಡೆಬಾಗಿಲು. ಊರುಗಳ ಹೆಸರೇ ಹೇಳುತ್ತವೆ, ಇದು ಬಂದುಹೋಗುವ ಜಾಗ ಎಂದು.

ಪೇಸ್‌ಗಿಂತ ನೂರು ವರ್ಷಕ್ಕೂ ಹಿಂದಿನ ಇನ್ನೊಂದು ಪ್ರಸಂಗ ಇದೆ. 1398ರಲ್ಲಿ ಬಹಮನಿ ಸುಲ್ತಾನ ಫಿರೋಜ್ ಷಾ ಮತ್ತು ವಿಜಯನಗರದ ನಡುವೆ ಯುದ್ಧ. ನಡುವೆ ತುಂಬಿದ ಕೃಷ್ಣೆ. ಆ ದಡದಿಂದ ಈ ದಡಕ್ಕೆ ಸುಲ್ತಾನನ ಪಡೆ ರಾತ್ರಿ ದಾಟಿದ್ದು ಚರ್ಮ ಹೊದಿಸಿದ ಬುಟ್ಟಿಗಳಲ್ಲಿ ಎಂದು ಬಿಜಾಪುರದಲ್ಲಿದ್ದು ಇತಿಹಾಸ ಬರೆದ ಫೆರಿಷ್ತಾ ಹೇಳುತ್ತಾನೆ. ಅವನು ಬರೆದದ್ದು ಯುದ್ಧ ನಡೆದು ಇನ್ನೂರು ವರ್ಷ ಕಳೆದ ಮೇಲೆ, ಕಥೆಗೆ ಸ್ವಲ್ಪ ಬಣ್ಣ ಸೇರಿರಬಹುದು. ಬುಟ್ಟಿಯ ಮಾತು ಮಾತ್ರ ನಂಬುವಂಥದ್ದು. ಮಳೆಗಾಲದಲ್ಲಿ ಕೃಷ್ಣೆ ದಾಟಲು ಬೇರೆ ಏನಿತ್ತು?

ನಾಲ್ಕು ಶತಮಾನ ದಾಟಿ ಬಂದರೂ ಸೈನ್ಯದವರ ಲೆಕ್ಕ ಬದಲಾಗಲಿಲ್ಲ. 1803ರಲ್ಲಿ ಮರಾಠರ ಮೇಲೆ ಹೊರಟ ಇಂಗ್ಲಿಷ್ ಸೇನಾಪತಿ ಆರ್ಥರ್ ವೆಲ್ಲೆಸ್ಲಿ ಆ ವರ್ಷದ ಮಾರ್ಚ್‌ನಲ್ಲಿ ಹಾವನೂರಿನ ಹತ್ತಿರ ತುಂಗಭದ್ರೆ ದಾಟಿದ. ಹಾವನೂರು ಈಗ ಹಾವೇರಿ ಜಿಲ್ಲೆಯಲ್ಲಿದೆ. ಬೇಸಿಗೆಯಲ್ಲಿ ದಾಟಿದ್ದು ದೊಡ್ಡ ಮಾತಲ್ಲ. ಮುಂದೆ ಮಳೆ ಬಂದು ಹೊಳೆಗಳೆಲ್ಲ ತುಂಬಿದ ಮೇಲೆ ಏನು ಮಾಡುವುದು ಎಂದು ಅವನು ಮೊದಲೇ ಯೋಚಿಸಿದ್ದ. ಬುಟ್ಟಿದೋಣಿಗಳನ್ನು ಮಾಡಿಸಿ ಇಡಲು ಅಧಿಕಾರಿಗಳಿಗೆ ಪತ್ರದ ಮೇಲೆ ಪತ್ರ ಬರೆದ. ಎದುರಾಳಿಯ ಕುದುರೆ ಪಡೆ ತುಂಬಿದ ಹೊಳೆಯ ಮುಂದೆ ನಿಂತುಬಿಡುತ್ತದೆ, ತಾನು ದಾಟಬಲ್ಲೆ ಎನ್ನುವುದೇ ಅವನ ಯುಕ್ತಿ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಡ್ಯೂಕ್ ಇವನೇ. ಅಂಥ ಮನುಷ್ಯ ನಮ್ಮ ಮೇದಾರರ ಕೈಕೆಲಸವನ್ನು ನಂಬಿ ಯುದ್ಧದ ಯೋಜನೆ ಹಾಕಿದ್ದ.

ಇಷ್ಟಕ್ಕೂ ತೆಪ್ಪ ದುಂಡಗೆ ಯಾಕಿದೆ? ಉದ್ದನೆಯ ದೋಣಿ ಮಾಡಲು ಇಲ್ಲಿಯವರಿಗೆ ಬರುತ್ತಿರಲಿಲ್ಲವೇ? ಈ ಪ್ರಶ್ನೆಗೆ ಉತ್ತರ ಹೊಳೆಯಲ್ಲೇ ಇದೆ.

ವಿದೇಶದ ವಿಡಿಯೊಗಳಲ್ಲಿ ಕೆನೂ ಎಂಬ ಉದ್ದ ದೋಣಿ ನೋಡಿರುತ್ತೀರಿ. ಎರಡೂ ತುದಿ ಚೂಪು, ಒಬ್ಬರೋ ಇಬ್ಬರೋ ಕೂತು ಹುಟ್ಟು ಹಾಕುತ್ತಾರೆ. ಕೆನಡಾದ ಮೂಲನಿವಾಸಿಗಳು ಬರ್ಚ್ ಮರದ ತೊಗಟೆಯಿಂದ ಅದನ್ನು ಮಾಡಿಕೊಂಡರು. ಅಲ್ಲಿ ಸಾವಿರಾರು ಕೆರೆಗಳು, ಒಂದರಿಂದ ಒಂದಕ್ಕೆ ದಿನಗಟ್ಟಲೆ ಪಯಣ. ದೂರ ಹೋಗಬೇಕಾದವರಿಗೆ ನೆಟ್ಟಗೆ ಸಾಗುವ ದೋಣಿ ಬೇಕು. ಉದ್ದ ಇದ್ದಷ್ಟೂ ಅದು ದಿಕ್ಕು ಬಿಡುವುದಿಲ್ಲ.

ತುಂಗಭದ್ರೆಯ ಕೆಲಸ ಬೇರೆ. ಹಂಪಿಯಿಂದ ಕಂಪ್ಲಿಯವರೆಗೆ ಹೊಳೆಯ ಹೊಟ್ಟೆಯ ತುಂಬ ಬಂಡೆ. ಕೆಲವು ಮೇಲೆ ಕಾಣುತ್ತವೆ, ಅಪಾಯದವು ನೀರಿನ ಕೆಳಗೆ ಅರ್ಧ ಮೊಳದಲ್ಲಿ ಅಡಗಿರುತ್ತವೆ. ಒಂದು ಕಡೆ ಆಳೆತ್ತರದ ಮಡು, ಹತ್ತು ಹೆಜ್ಜೆ ಆಚೆ ಮೊಣಕಾಲುದ್ದ ನೀರು. ಇದರ ಮೇಲೆ ರಾಯರ ಕಾಲದಲ್ಲಿ ಕಟ್ಟಿದ ಅಣೆಕಟ್ಟುಗಳು ಅಲ್ಲಲ್ಲಿ ಅಡ್ಡ ಬರುತ್ತವೆ. ಅವುಗಳಿಂದ ಹೊರಟ ತುರ್ತು ಕಾಲುವೆಯಂಥ ಕಾಲುವೆಗಳು ಇಂದಿಗೂ ಹೊಲಕ್ಕೆ ನೀರು ಕೊಡುತ್ತಿವೆ. ಅಂದರೆ ಈ ಹೊಳೆಯಲ್ಲಿ ಯಾರೂ ಹತ್ತಾರು ಮೈಲಿ ದೋಣಿಯಲ್ಲಿ ಹೋಗುವುದಿಲ್ಲ, ಹೋಗಲು ಆಗುವುದೂ ಇಲ್ಲ. ಬೇಕಾಗಿರುವುದು ಈ ದಡದಿಂದ ಆ ದಡ ಮುಟ್ಟುವ ಸಾಧನ.

ಅದಕ್ಕೆ ಬುಟ್ಟಿಯಷ್ಟು ಒಪ್ಪುವುದು ಇನ್ನೊಂದಿಲ್ಲ. ತಳ ಅಗಲ ಮತ್ತು ಚಪ್ಪಟೆ, ಹಾಗಾಗಿ ಭಾರ ಹೊತ್ತರೂ ನೀರಿನಲ್ಲಿ ಹೆಚ್ಚು ಇಳಿಯುವುದಿಲ್ಲ. ಗೇಣು ನೀರಿದ್ದರೂ ತೇಲುತ್ತದೆ. ಬಂಡೆಗೆ ತಾಗಿದರೆ ಮರದ ದೋಣಿ ಸೀಳುತ್ತದೆ, ಬಿದಿರಿನ ಹೆಣಿಗೆ ಬಾಗಿ, ಜಾರಿ, ಪಕ್ಕಕ್ಕೆ ತಿರುಗಿಕೊಳ್ಳುತ್ತದೆ. ಮುಂದೆ ಹಿಂದೆ ಎಂಬುದೇ ಇಲ್ಲದ್ದರಿಂದ ಯಾವ ಕಡೆಯಿಂದ ಬೇಕಾದರೂ ಹತ್ತಬಹುದು, ಯಾವ ಸಂದಿಯಲ್ಲಿ ಬೇಕಾದರೂ ತಿರುಗಿಸಬಹುದು. ಕೊನೆಗೆ, ಚಿಕ್ಕ ತೆಪ್ಪವನ್ನು ಒಬ್ಬನೇ ಬೋರಲು ಹಾಕಿ ತಲೆ ಬೆನ್ನಿನ ಮೇಲೆ ಹೊತ್ತು ನಡೆಯಬಹುದು. ಮೀನು ಹಿಡಿಯುವವರು ಹಾಗೆ ಹೊತ್ತು ಹೋಗುವುದನ್ನು ದೂರದಿಂದ ನೋಡಿದರೆ ಕಾಲು ಬಂದ ಆಮೆಯಂತೆ ಕಾಣುತ್ತದೆ.

ಕೆಟ್ಟ ಗುಣ ಒಂದೇ, ಸುತ್ತುವುದು. ಅದನ್ನು ತಡೆಯುವುದೇ ಅಂಬಿಗನ ವಿದ್ಯೆ. ಸಾಮಾನ್ಯ ದೋಣಿಯಲ್ಲಿ ಹುಟ್ಟನ್ನು ಪಕ್ಕಕ್ಕೆ ಹಾಕಿ ನೀರನ್ನು ಹಿಂದಕ್ಕೆ ತಳ್ಳುತ್ತಾರೆ. ತೆಪ್ಪದಲ್ಲಿ ಪಕ್ಕಕ್ಕೆ ಹಾಕಿದಿರೋ, ಅದು ನಿಂತಲ್ಲೇ ತಿರುಗುತ್ತದೆ. ಆದ್ದರಿಂದ ಅಂಬಿಗ ಹೋಗಬೇಕಾದ ದಿಕ್ಕಿನ ಅಂಚಿನಲ್ಲಿ ಕೂತು, ಹುಟ್ಟನ್ನು ಮುಂದಕ್ಕೆ ಚಾಚಿ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತಾನೆ. ಒಂದು ಎಳೆತ ತುಸು ಎಡಕ್ಕೆ, ಇನ್ನೊಂದು ತುಸು ಬಲಕ್ಕೆ. ನೋಡಲು ಸುಲಭ. ನೀವೊಮ್ಮೆ ಹುಟ್ಟು ಕೈಗೆ ತೆಗೆದುಕೊಂಡು ನೋಡಿ, ಎರಡನೇ ಎಳೆತಕ್ಕೇ ದಡ ಬೆನ್ನ ಹಿಂದೆ ಇರುತ್ತದೆ.

ಇನ್ನೊಂದು ಲೆಕ್ಕ ಇದೆ. ಸೆಳವು ಇರುವ ಹೊಳೆಯಲ್ಲಿ ಎದುರಿನ ಜಾಗಕ್ಕೆ ನೇರ ಹೊರಟರೆ ನೀವು ಮುಟ್ಟುವುದು ಎಷ್ಟೋ ಕೆಳಗೆ. ಹಾಗಾಗಿ ಅಂಬಿಗರು ಮೊದಲು ದಂಡೆಗುಂಟ ಮೇಲಕ್ಕೆ ಹೋಗುತ್ತಾರೆ, ತೆಪ್ಪ ಎಳೆದುಕೊಂಡೋ ಹೊತ್ತುಕೊಂಡೋ. ಅಲ್ಲಿಂದ ಬಿಟ್ಟು, ಸೆಳವಿನ ಜೊತೆ ಜಾರುತ್ತಾ, ಅಡ್ಡಲಾಗಿ ಎಳೆಯುತ್ತಾ, ಕೆಳಗಿನ ಕಟ್ಟೆಗೆ ಸರಿಯಾಗಿ ಬಂದು ತಾಗುತ್ತಾರೆ. ಎಷ್ಟು ಮೇಲಿಂದ ಬಿಡಬೇಕು ಎನ್ನುವುದು ಅವತ್ತಿನ ನೀರಿನ ಮೇಲೆ. ಅದಕ್ಕೆ ಪುಸ್ತಕ ಇಲ್ಲ. ಯಾವ ಬಂಡೆಯ ಎಷ್ಟು ಭಾಗ ಮುಳುಗಿದೆ ಎಂದು ನೋಡಿ ಹೇಳುತ್ತಾರೆ.

ಈ ಹೊತ್ತು ನಡೆಯುವ ಕಷ್ಟ ನಮ್ಮವರಿಗಷ್ಟೇ ಬಂದದ್ದಲ್ಲ. ಎರಡು ಸಾವಿರದ ನಾನೂರು ವರ್ಷಕ್ಕೂ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬ್ಯಾಬಿಲೋನಿನ ದುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ. ಕೋಲಿನ ಚೌಕಟ್ಟು, ಮೇಲೆ ಚರ್ಮ, ಒಳಗೆ ಸರಕಿನ ಜೊತೆ ಒಂದು ಕತ್ತೆ. ಹೊಳೆಯ ಜೊತೆ ಇಳಿದು ಬಂದು, ಸರಕು ಮಾರಿ, ಕೋಲುಗಳನ್ನೂ ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿಕೊಂಡು ನಡೆದು ವಾಪಸ್ ಹೋಗುತ್ತಿದ್ದರಂತೆ. ಸೆಳವಿಗೆ ಎದುರು ಬುಟ್ಟಿ ಏರುವುದಿಲ್ಲವಲ್ಲ. ಇರಾಕ್‌ನಲ್ಲಿ ಇಂಥ ದೋಣಿಗೆ ಕುಫ್ಫಾ ಎನ್ನುತ್ತಿದ್ದರು. ಬ್ರಿಟನ್ನಿನ ವೇಲ್ಸ್‌ನಲ್ಲಿ ಕೊರಾಕಲ್ ಇದೆ. ನಮ್ಮ ತೆಪ್ಪಕ್ಕೆ ಪ್ರವಾಸೋದ್ಯಮದವರು ಬೋರ್ಡಿನಲ್ಲಿ ಬರೆಯುವ ಕೊರಾಕಲ್ ಎಂಬ ಹೆಸರು ಬಂದದ್ದು ಅಲ್ಲಿಂದ. ಮದ್ರಾಸ್ ಸರ್ಕಾರದಲ್ಲಿ ಮೀನುಗಾರಿಕೆಯ ನಿರ್ದೇಶಕನಾಗಿದ್ದ ಜೇಮ್ಸ್ ಹಾರ್ನೆಲ್ ಎಂಬಾತ ದಕ್ಷಿಣ ಭಾರತದ ಹರಿಗೋಲುಗಳ ಮೇಲೆಯೇ 1933ರಲ್ಲಿ ಒಂದು ಲೇಖನ ಬರೆದ. ಆಮೇಲೆ ಬ್ರಿಟನ್ನಿನವುಗಳ ಮೇಲೂ ಬರೆದ. ಯಾರೂ ಯಾರಿಂದಲೂ ಕಲಿತಿರಬೇಕೆಂದಿಲ್ಲ. ಬಿದಿರೋ ಬೆತ್ತವೋ ಬಾಗುವ ಕೋಲು, ದನದ ಚರ್ಮ, ತಾಳಲಾರದ ಹೊಳೆ, ಈ ಮೂರು ಇದ್ದ ಕಡೆ ಬುಟ್ಟಿ ಹುಟ್ಟಿದೆ.

ತೆಪ್ಪ ಕಟ್ಟುವುದನ್ನು ನೋಡಿದವರು ಈಗ ಕಡಿಮೆ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬಿದಿರನ್ನು ಉದ್ದುದ್ದ ಸೀಳಿ, ಸೀಳುಗಳನ್ನು ನೆಲದ ಮೇಲೆ ಒಂದರ ಮೇಲೊಂದು ಅಡ್ಡಡ್ಡ ಹಾಸಿ ನಕ್ಷತ್ರದಂತೆ ಹೆಣೆಯುತ್ತಾರೆ. ಅದು ತಳ. ಹೆಣೆಯುವಾಗ ಕಾಲಲ್ಲಿ ಒತ್ತಿ ಹಿಡಿದು, ತಳದ ಮೇಲೆ ಕಲ್ಲು ಹೇರಿ, ತುದಿಗಳನ್ನು ಮೇಲಕ್ಕೆ ಬಗ್ಗಿಸುತ್ತಾರೆ. ಸುತ್ತಲೂ ಗೋಡೆ ಹೆಣೆದು ಬಾಯಿಗೆ ದಪ್ಪ ಅಂಚು ಕಟ್ಟಿದರೆ ಬುಟ್ಟಿಯಾಯಿತು. ಮೀನಿಗೆ ಹೋಗುವವರದು ಚಿಕ್ಕದು, ಜನ ದಾಟಿಸುವುದು ಅದಕ್ಕಿಂತ ಎಷ್ಟೋ ದೊಡ್ಡದು. ಆಮೇಲೆ ಹೊದಿಕೆ. ಹಿಂದೆ ಎತ್ತು ಎಮ್ಮೆಯ ಚರ್ಮಗಳನ್ನು ಸೇರಿಸಿ ಹೊಲಿದು ಹೊರಗಿನಿಂದ ಬಿಗಿಯುತ್ತಿದ್ದರು.

ಲೆಕ್ಕ ಹಾಕಿ ನೋಡಿ. ಬಿದಿರು ಹೆಣೆಯುವವರು ಮೇದಾರರು. ಚರ್ಮ ಹದ ಮಾಡಿ ಹೊಲಿಯುವವರು ಮಾದಿಗರು, ಸಮಗಾರರು. ನಡೆಸುವವರು ಅಂಬಿಗರು, ಗಂಗಾಮತಸ್ಥರು. ಹನ್ನೆರಡನೇ ಶತಮಾನದ ಶರಣರಲ್ಲಿ ಈ ಮೂರೂ ಕಸುಬಿನವರಿದ್ದರು. ಮೇದಾರ ಕೇತಯ್ಯ, ಮಾದಾರ ಧೂಳಯ್ಯ, ಅಂಬಿಗರ ಚೌಡಯ್ಯ. ಚೌಡಯ್ಯನ ಊರೆಂದು ಹೇಳುವ ಚೌಡದಾನಪುರ ಇರುವುದು ಇದೇ ತುಂಗಭದ್ರೆಯ ದಂಡೆಯಲ್ಲಿ, ರಾಣೆಬೆನ್ನೂರು ತಾಲ್ಲೂಕಿನಲ್ಲಿ. ಬೇರೆ ವಚನಕಾರರು ಇಷ್ಟದೇವರ ಹೆಸರಿನಲ್ಲಿ ಅಂಕಿತ ಹಾಕಿದರೆ ಚೌಡಯ್ಯ ತನ್ನ ಕಸುಬು ಮತ್ತು ಹೆಸರನ್ನೇ ಅಂಕಿತ ಮಾಡಿಕೊಂಡ. ಮೇಲ್ಜಾತಿಯವರು ಮುಟ್ಟದ ಚರ್ಮದ ಮೇಲೆ ಕೂತೇ ಎಲ್ಲ ಜಾತಿಯವರೂ ಹೊಳೆ ದಾಟುತ್ತಿದ್ದರು ಎನ್ನುವುದನ್ನು ಯೋಚಿಸಿದರೆ ನನಗೆ ನಗು ಬರುತ್ತದೆ. ನವಬೃಂದಾವನ ಗಡ್ಡೆಗೆ, 1539ರಲ್ಲಿ ತೀರಿಕೊಂಡ ವ್ಯಾಸರಾಯರೂ ಸೇರಿ ಒಂಬತ್ತು ಯತಿಗಳ ಬೃಂದಾವನ ಇರುವ ಜಾಗಕ್ಕೆ, ಹೋಗಬೇಕಾದ ಮಡಿವಂತರೂ ಆ ಕಾಲದಲ್ಲಿ ಬೇರೆ ದಾರಿ ಹುಡುಕಲು ಆಗುತ್ತಿರಲಿಲ್ಲ.

ಚರ್ಮಕ್ಕೆ ಕೆಲಸ ಜಾಸ್ತಿ. ನೀರಿನಲ್ಲೇ ಬಿಟ್ಟರೆ ಕೊಳೆಯುತ್ತದೆ, ಬಿಸಿಲಿಗೆ ಒಣಗಿದರೆ ಸೀಳುತ್ತದೆ, ಕೆಲಸ ಮುಗಿದ ಮೇಲೆ ಮೇಲೆತ್ತಿ ಬೋರಲು ಹಾಕಿ ಆರಿಸಬೇಕು. ಆದ್ದರಿಂದ ಗಟ್ಟಿ ಪ್ಲಾಸ್ಟಿಕ್ ಹಾಳೆ, ಚೀಲ ಬಂದದ್ದೇ ತಡ, ಚರ್ಮ ಹೋಯಿತು. ಬುಟ್ಟಿಗೆ ಹಾಳೆ ಹೊದಿಸಿ ಮೇಲೆ ಡಾಂಬರು ಬಳಿದರೆ ಸಾಕು. ತೂತು ಬಿದ್ದರೆ ಒಂದು ತುಂಡು ಅಂಟಿಸಿ ಮತ್ತೆ ಡಾಂಬರು. ಈಗ ಫೈಬರ್ ತೆಪ್ಪಗಳು ಬಂದಿವೆ, ಅಚ್ಚಿನಲ್ಲಿ ಎರಕ ಹೊಯ್ದಂಥವು. ಹೆಚ್ಚು ವರ್ಷ ಬಾಳುತ್ತವೆ, ಒಳಗೆ ನೀರು ಒಸರುವುದಿಲ್ಲ, ಪ್ರವಾಸಿಗರಿಗೆ ನೋಡಲು ಚೊಕ್ಕ. ಆದರೆ ಅವು ಬಾಗುವುದಿಲ್ಲ. ಬಂಡೆಗೆ ಬಡಿದರೆ ಬಿರುಕು ಬಿಡುತ್ತವೆ, ಆ ಬಿರುಕು ಮುಚ್ಚುವುದು ದಂಡೆಯಲ್ಲಿ ಕೂತು ಮಾಡುವ ಕೆಲಸವಲ್ಲ. ಸಾಣಾಪುರ ಕೆರೆಯಂಥ ನಿಂತ ನೀರಿಗೆ ಫೈಬರ್ ಒಳ್ಳೆಯದು ಎಂದೇ ನನ್ನ ಅಭಿಪ್ರಾಯ. ಬಂಡೆಗಳ ಹೊಳೆಗೆ ಡಾಂಬರಿನ ಬಿದಿರು ತೆಪ್ಪವೇ ಮೇಲು. ನಮ್ಮ ಬಯಲುಸೀಮೆಯಲ್ಲಿ ಒಳ್ಳೆಯ ಬಿದಿರು ಸಿಗುವುದು ಕಷ್ಟ, ಹೆಣೆಯುವ ಕೈಗಳೂ ಕಡಿಮೆ. ಅದಕ್ಕೇ ಹೊಳೆಗೂ ಫೈಬರ್ ಬರುತ್ತಿದೆ.

ಸರಿ, ಮತ್ತೆ ಇತಿಹಾಸಕ್ಕೆ ಬರೋಣ. ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ, ಈ ಹೊಳೆ ಒಂದು ಕಾಲಕ್ಕೆ ಗಡಿ. ಹೊಸಪೇಟೆ, ಹಂಪಿ, ಕಂಪ್ಲಿ ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಆನೆಗೊಂದಿ, ಗಂಗಾವತಿ ಹೈದರಾಬಾದ್ ನಿಜಾಮನ ಸೀಮೆ. ಈ ದಡದಲ್ಲಿ ಬ್ರಿಟಿಷ್ ರೂಪಾಯಿ, ಆ ದಡದಲ್ಲಿ ನಿಜಾಮನ ಹಾಲಿ ಸಿಕ್ಕಾ. ಈ ಕಡೆ ಕಚೇರಿಯ ಕಾಗದ ಇಂಗ್ಲಿಷ್, ತೆಲುಗು, ಕನ್ನಡದಲ್ಲಿ, ಆ ಕಡೆ ಉರ್ದುವಿನಲ್ಲಿ. ನಡುವೆ ಓಡಾಡುತ್ತಿದ್ದದ್ದು ತೆಪ್ಪ. ಬೀಗತನಕ್ಕೆ ಮಾತ್ರ ಗಡಿ ಇರಲಿಲ್ಲ, ಈ ದಡದ ಹೆಣ್ಣು ಆ ದಡದ ಸೊಸೆ. ದೋಣಿದಾಟಿಗೂ ಸರ್ಕಾರದ ಕೈ ಬಂದಿತ್ತು. ಕಾಲುವೆ ಮತ್ತು ಸಾರ್ವಜನಿಕ ದೋಣಿದಾಟುಗಳ ಬಗ್ಗೆ ಮದ್ರಾಸ್ ಸರ್ಕಾರ 1890ರಲ್ಲಿ ಕಾಯ್ದೆಯನ್ನೇ ಮಾಡಿತ್ತು.

1948ರ ಸೆಪ್ಟೆಂಬರ್‌ನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. ಅದಕ್ಕೆ ಮುಂಚಿನ ರಜಾಕಾರರ ಹಾವಳಿಯಲ್ಲಿ ಆ ದಡದವರು ರಾತ್ರೋರಾತ್ರಿ ದಾಟಿ ಬಂದ ಮಾತು ಹಿರಿಯರಿರುವ ಮನೆಗಳಲ್ಲಿ ಈಗಲೂ ಬರುತ್ತದೆ. ಬಳ್ಳಾರಿ ಸೀಮೆ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಆಗಲೂ ಗಂಗಾವತಿ ಹೈದರಾಬಾದ್ ರಾಜ್ಯದಲ್ಲೇ ಇತ್ತು. 1956ರ ನವೆಂಬರ್ 1ಕ್ಕೆ ಎರಡೂ ದಡ ಒಂದೇ ರಾಜ್ಯಕ್ಕೆ ಬಂದವು. ಇವತ್ತೂ ಹೊಳೆ ಜಿಲ್ಲೆಯ ಗಡಿಯೇ. ಆ ಕಡೆ ಕೊಪ್ಪಳ, ಈ ಕಡೆ 2021ರಲ್ಲಿ ಆದ ವಿಜಯನಗರ ಜಿಲ್ಲೆ, ಕಂಪ್ಲಿ ಮಾತ್ರ ಬಳ್ಳಾರಿಯಲ್ಲೇ ಉಳಿಯಿತು. ಹೊಳೆಯಲ್ಲಿ ಏನಾದರೂ ಆದರೆ ಯಾವ ಜಿಲ್ಲೆಯ ಸ್ಟೇಷನ್ ಎಂದು ಮೊದಲು ಕೇಳುವ ಪದ್ಧತಿ ಹಾಗಾಗಿ ಹೋಗಿಲ್ಲ.

ಅಂಬಿಗರ ಬದುಕನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸಿದ್ದು ಹೊಸಪೇಟೆಯ ಡ್ಯಾಂ. ಮದ್ರಾಸ್ ಮತ್ತು ಹೈದರಾಬಾದ್ ಎರಡೂ ಸೇರಿ 1945ರಲ್ಲಿ ಕೆಲಸ ಶುರು ಮಾಡಿದವು, 1953ರಲ್ಲಿ ಮುಗಿಯಿತು. 33 ಗೇಟು. ಮೇಲೆ ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು, ಅವುಗಳ ಜೊತೆ ಅಲ್ಲಿನ ದಾಟುಗಳೂ ಮುಳುಗಿದವು. ಹಿನ್ನೀರು ಮೀನು ಹಿಡಿಯುವವರ ತೆಪ್ಪಕ್ಕೆ ಹೊಸ ಜಾಗವಾಯಿತು. ಕೆಳಗೆ ಹಂಪಿಯ ಕಡೆ ಹೊಳೆಯ ಸ್ವಭಾವವೇ ಬೇರೆಯಾಯಿತು. ಮೊದಲು ಮಳೆ ನೋಡಿ, ಮಲೆನಾಡಿನ ಕಡೆಯ ಮೋಡ ನೋಡಿ, ನೀರಿನ ಕೆಂಪು ನೋಡಿ ಹೊಳೆ ಏರುವುದನ್ನು ತಿಳಿಯುತ್ತಿದ್ದರು. ಈಗ ಆಕಾಶ ನೋಡಿ ಉಪಯೋಗವಿಲ್ಲ, ಗೇಟು ನೋಡಬೇಕು. ಎಷ್ಟು ಕ್ಯೂಸೆಕ್ ಬಿಟ್ಟರು ಎಂಬ ಲೆಕ್ಕ ಅಂಬಿಗರ ಬಾಯಲ್ಲಿ ಇರುತ್ತದೆ. ಇಷ್ಟು ಬಿಟ್ಟರೆ ಈ ಬಂಡೆ ಮುಳುಗುತ್ತದೆ, ಇಷ್ಟಾದರೆ ತೆಪ್ಪ ಮೇಲೆತ್ತಬೇಕು ಎಂದು. ಹಳೆಯ ವಿದ್ಯೆಗೆ ಹೊಸ ಅಳತೆ ಸೇರಿಕೊಂಡಿದೆ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದದ್ದು ನಿಮಗೆ ನೆನಪಿದೆ. ಆ ಒಂದೇ ಕಿಂಡಿಯಿಂದ ಸುಮಾರು 35,000 ಕ್ಯೂಸೆಕ್ ನೀರು ಹೋಗುತ್ತಿತ್ತು, ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದರು. ವಾರದೊಳಗೆ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು. ಟಿವಿಯವರೆಲ್ಲ ಡ್ಯಾಂ ಮೇಲೆ ನಿಂತಿದ್ದರು. ಹೊಳೆ ಅಷ್ಟು ತುಂಬಿದಾಗ ಕೆಳಗೆ ದಾಟಿನ ಕೆಲಸ ನಿಂತು, ದಿನಗೂಲಿಯಂತೆ ದುಡಿಯುವ ಅಂಬಿಗರ ಒಲೆ ಹೇಗೆ ಉರಿಯುತ್ತದೆ ಎಂದು ಕೇಳುವವರು ಯಾವ ವರ್ಷವೂ ಹೆಚ್ಚಿರುವುದಿಲ್ಲ.

ಸೇತುವೆಯ ಕಥೆ ಇನ್ನೂ ಬಾಕಿ ಇದೆ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆಮೇಲೆ ತಳವಾರಘಟ್ಟದಿಂದ ಆನೆಗೊಂದಿಗೆ ವಾಹನದ ಸೇತುವೆ, ಹಂಪಿಯಿಂದ ವಿರುಪಾಪುರಗಡ್ಡೆಗೆ ನಡೆದುಹೋಗುವ ತೂಗುಸೇತುವೆ ಕಟ್ಟಲು ಶುರುವಾಯಿತು. ಸ್ಮಾರಕಗಳ ನಡುವೆ ಇವು ಸಲ್ಲವು ಎಂದು ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ಪರಂಪರೆ ತಾಣಗಳ ಪಟ್ಟಿಗೆ ಹಾಕಿತು. ಅದರಿಂದ ಹೊರಬಂದದ್ದು 2006ರಲ್ಲಿ. ನಡೆಯುವ ಸೇತುವೆಯನ್ನು ತೆಗೆದರು. ಆನೆಗೊಂದಿಯ ಸೇತುವೆ ವರ್ಷಗಟ್ಟಲೆ ಅರ್ಧಕ್ಕೆ ನಿಂತು, ಮತ್ತೆ ಶುರುವಾಗಿ, 2009ರ ಜನವರಿಯಲ್ಲಿ ಕೆಲಸ ನಡೆಯುತ್ತಿರುವಾಗಲೇ ಕುಸಿಯಿತು. ಕಾರ್ಮಿಕರು ಸತ್ತರು. ಅದರ ಕಾಂಕ್ರೀಟು ಕಂಬಗಳು ಹಳೆಯ ಕಲ್ಲುಕಂಬಗಳಿಂದ ಬಹಳ ದೂರವೇನಲ್ಲ. ಎರಡು ಕಾಲದ ಎರಡು ಮುರಿದ ಸೇತುವೆ, ನಡುವೆ ತೆಪ್ಪ. ಈ ಚಿತ್ರ ಪೋಸ್ಟ್‌ಕಾರ್ಡಿನಲ್ಲಿ ಬರುವುದಿಲ್ಲ.

ಈ ಗಲಾಟೆಯಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ತೆಪ್ಪ ಚಂದ, ಪರಂಪರೆ, ಅದನ್ನೇ ಉಳಿಸಿಕೊಳ್ಳಿ ಎಂದು ದೂರದಲ್ಲಿ ಕೂತು ಹೇಳುವುದು ಸುಲಭ. ರಾತ್ರಿ ಹೊತ್ತು ಹೆರಿಗೆ ನೋವು ಬಂದವಳನ್ನು, ಹಾವು ಕಚ್ಚಿದವನನ್ನು ತೆಪ್ಪದಲ್ಲಿ ಮಲಗಿಸಿ ದಾಟಿಸಬೇಕಾದವರಿಗೆ ಸೇತುವೆ ಬೇಕೇ ಬೇಕಿತ್ತು. ರಾಯಚೂರು ತಾಲ್ಲೂಕಿನ ಕೃಷ್ಣಾ ನಡುಗಡ್ಡೆಗಳ ಜನ ಇಂದಿಗೂ ತೆಪ್ಪ ನಂಬಿದ್ದಾರೆ. 2020ರ ಆಗಸ್ಟ್‌ನಲ್ಲಿ ಅಲ್ಲಿ ತುಂಬಿದ ಹೊಳೆಯಲ್ಲಿ ತೆಪ್ಪ ಮಗುಚಿತು. ಅಲ್ಲಿನವರ ಮುಂದೆ ಪರಂಪರೆಯ ಮಾತು ಆಡಲು ನನಗೆ ಬಾಯಿ ಬರುವುದಿಲ್ಲ. ನಮ್ಮಲ್ಲಿ ಈಗ ಬುಕ್ಕಸಾಗರದಿಂದ ಕಡೆಬಾಗಿಲಿಗೆ ಸೇತುವೆ ಆಗಿದೆ, ಆನೆಗೊಂದಿಯವರು ಅದರ ಮೇಲೆ ಓಡಾಡುತ್ತಾರೆ. ಒಳ್ಳೆಯದಾಯಿತು. ಕಂಪ್ಲಿ-ಗಂಗಾವತಿ ಸೇತುವೆಯ ಪಾಡು ನಿಮಗೇ ಗೊತ್ತು. ಡ್ಯಾಂನಿಂದ ಹೆಚ್ಚು ನೀರು ಬಿಟ್ಟರೆ ಅದು ಮುಳುಗುತ್ತದೆ, ಪೊಲೀಸರು ಬ್ಯಾರಿಕೇಡ್ ಹಾಕುತ್ತಾರೆ, ಎದುರಿಗೇ ಕಾಣುವ ಊರಿಗೆ ಸುತ್ತು ಹಾಕಿ ಹೋಗಬೇಕು.

ಆದರೆ ಸೇತುವೆ ಬಂದಾಗ ಅಂಬಿಗನಿಗೆ ಏನು ಸಿಕ್ಕಿತು? ದಾಟಿನ ಕೆಲಸ ಹೋಯಿತು. ಉಳಿದದ್ದು ಪ್ರವಾಸಿಗರನ್ನು ಸುತ್ತಿಸುವ ಕೆಲಸ. ಅದೂ ಪರವಾನಗಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಸೀಸನ್ ಮುಗಿದರೆ ಇಲ್ಲ, ನೀರು ಜಾಸ್ತಿಯಾದರೆ ಇಲ್ಲ. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಿರುಪಾಪುರಗಡ್ಡೆಯ ರೆಸಾರ್ಟುಗಳನ್ನು ಕೆಡವಿದರು. ಸ್ಮಾರಕದ ದೃಷ್ಟಿಯಿಂದ ಅದು ಸರಿ ಇರಬಹುದು, ಆ ಗಡ್ಡೆಗೆ ಜನ ದಾಟಿಸಿ ಬದುಕುತ್ತಿದ್ದವರ ಗಿರಾಕಿಯೂ ಅದೇ ದಿನ ಹೋಯಿತು. ಅದರ ಹಿಂದೆಯೇ ಕೊರೊನಾ ಬಂತು.

ನನಗೆ ಹೆಚ್ಚು ಚಿಂತೆ ಇರುವುದು ವಿದ್ಯೆಯ ಬಗ್ಗೆ. ಪ್ರವಾಸಿಗೆ ಬೇಕಿರುವುದು ತೆಪ್ಪ ಸುತ್ತುವುದು. ಅಂಬಿಗ ತಲೆಮಾರುಗಳಿಂದ ಕಲಿತದ್ದು ಅದು ಸುತ್ತದಂತೆ ನಡೆಸುವುದು. ಸಾಣಾಪುರದ ನಿಂತ ನೀರಿನಲ್ಲಿ ಹುಟ್ಟು ಹಿಡಿದ ಹುಡುಗ ಒಳ್ಳೆಯ ಸಂಪಾದನೆ ಮಾಡಬಹುದು, ಆದರೆ ಸೆಳವಿನಲ್ಲಿ ಎಲ್ಲಿಂದ ಬಿಟ್ಟರೆ ಎಲ್ಲಿ ಮುಟ್ಟುತ್ತದೆ ಎನ್ನುವುದನ್ನು ಅವನಿಗೆ ಆ ಕೆರೆ ಕಲಿಸುವುದಿಲ್ಲ. ಪ್ರವಾಹ ಬಂದು ಯಾರೋ ಗಡ್ಡೆಯಲ್ಲಿ ಸಿಕ್ಕಿಹಾಕಿಕೊಂಡಾಗ, ಹೊಳೆಯಲ್ಲಿ ಯಾರೋ ಮುಳುಗಿದಾಗ, ಅಗ್ನಿಶಾಮಕ ದಳದವರ ಜೊತೆ ತೆಪ್ಪದವರೂ ಇಳಿಯುತ್ತಾರೆ. ಬಂಡೆ ಎಲ್ಲಿ, ಮಡು ಎಲ್ಲಿ, ಸುಳಿ ಎಲ್ಲಿ ಎಂದು ಗೊತ್ತಿರುವುದು ಅವರಿಗೆ. ಆ ನಕ್ಷೆ ಯಾವ ಇಲಾಖೆಯ ಕಡತದಲ್ಲೂ ಇಲ್ಲ. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗೆ 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಸರ್ಕಾರ ಘೋಷಿಸಿದೆ. ನೀರುನಾಯಿ ಎಲ್ಲಿ ಮರಿ ಮಾಡುತ್ತದೆ ಎಂದು ಕೇಳಲು ಕೂಡ ಕೊನೆಗೆ ಇವರ ಹತ್ತಿರವೇ ಬರಬೇಕು.

ಹೊಳೆಸಾಲಿನ ಊರಿನ ಓದುಗರಲ್ಲಿ ಒಂದು ಕೋರಿಕೆ. ಚರ್ಮದ ತೆಪ್ಪದಲ್ಲಿ ದಾಟಿದವರು ನಿಮ್ಮ ಮನೆಯಲ್ಲಿದ್ದರೆ ಕೂತು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಯಾವ ಕಟ್ಟೆಯಿಂದ ಯಾವ ಕಟ್ಟೆಗೆ, ಕೂಲಿ ಕಾಸಿನಲ್ಲೋ ಕಾಳಿನಲ್ಲೋ, ಹುಟ್ಟು ಯಾವ ಮರದ್ದು, ತೆಪ್ಪ ಹೆಣೆದವರು ಯಾವ ಊರಿನವರು. ಬಂಡೆಗಳಿಗೆ ಅಂಬಿಗರು ಇಟ್ಟ ಹೆಸರುಗಳನ್ನು ಮರೆಯದೆ ಕೇಳಿ. ನಮ್ಮ ಬಳಗಕ್ಕೆ ಕಳಿಸಿದರೆ ಊರಿನ ಹೆಸರಿನೊಂದಿಗೆ ಹಾಕುತ್ತೇವೆ.